ಹಲಗೆಯ ಮೇಲಿನ ಹೂಂ

ಉಡಚವ್ವನಿಗೆ ಮಾತು ಬರುವುದಿಲ್ಲ ಎಂದು ಹಾನಗಲ್ಲಿನ ಆ ಓಣಿಯ ಮಂದಿ ಹೇಳುತ್ತಿದ್ದರು. ಹೇಳುವವರಿಗೇನು, ಹೇಳುತ್ತಾರೆ. ಅವಳಿಗೆ ಬರದಿದ್ದದ್ದು ಬಾಯಿ. ಮಾತು ಹೊಟ್ಟೆಯಲ್ಲಿ ಬೇಕಾದಷ್ಟಿತ್ತು, ಉಳಿದವರಿಗಿಂತ ಒಂದು ಹಿಡಿ ಹೆಚ್ಚೇ ಇತ್ತು. ಹಗಲೆಲ್ಲ ಒಂದೇ ಕಡೆ ಕೂತು, ಬಂದವರು ಹೋದವರು ಆಡಿದ್ದನ್ನೆಲ್ಲ ಕಿವಿಗೆ ಹಾಕಿಕೊಳ್ಳುವವಳಿಗೆ ಮಾತಿನ ಬರವೆಲ್ಲಿಯದು?

ಹುಟ್ಟುವಾಗಲೇ ಏನೋ ಆಗಿತ್ತು. ಹೆರಿಗೆ ತಡವಾಯಿತು, ಕೂಸು ಅಳಲಿಲ್ಲ, ಸೂಲಗಿತ್ತಿ ಬೆನ್ನಿಗೆ ಬಡಿದು ಬಡಿದು ಅಳಿಸಿದಳು. ಆಮೇಲೆ ಕೈಕಾಲು ಹೇಳಿದ ಹಾಗೆ ಕೇಳಲಿಲ್ಲ, ಕುತ್ತಿಗೆ ನಿಲ್ಲಲು ವರ್ಷಗಳೇ ಹಿಡಿದವು, ನಾಲಿಗೆ ಹೊರಳಲೇ ಇಲ್ಲ. ಅವಳು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ಭರಮವ್ವ ಮನೆಯ ಪಡಸಾಲೆಯಲ್ಲಿ ಚುರಮುರಿ ಭಟ್ಟಿ ಇಟ್ಟುಕೊಂಡಳು. ಬಿಸಿ ಉಸುಕಿನಲ್ಲಿ ಅಕ್ಕಿ ಅರಳಿಸಿ ಮಾರಿ ಮಗ ಗುಡ್ಡಪ್ಪನನ್ನು ಓದಿಸಿ ಮಾಸ್ತರನನ್ನಾಗಿ ಮಾಡಿದಳು. ಮಗಳನ್ನು ಭಟ್ಟಿಯ ಪಕ್ಕದ ಗೋಡೆಗೆ ಆನಿಸಿ ಕೂರಿಸಿಕೊಂಡು ಸಾಕಿದಳು.

ತಾಯಿ ಮಗಳ ಮಾತು ಕಣ್ಣಿನಲ್ಲಿ ನಡೆಯುತ್ತಿತ್ತು. ಬೇಕಾದದ್ದನ್ನು ಉಡಚವ್ವ ನೋಡುತ್ತಿದ್ದಳು. ಬೇಡವಾದದ್ದಕ್ಕೆ ಕಣ್ಣು ಮುಚ್ಚುತ್ತಿದ್ದಳು. ಸುಮ್ಮನೆ ಮುಚ್ಚುವುದಲ್ಲ, ಹಣೆಯ ನಡುವೆ ಗೆರೆ ಬೀಳುವಷ್ಟು ಬಿಗಿಯಾಗಿ. ಅವಳು ಕಣ್ಣು ಮುಚ್ಚಿದರೆ ಭರಮವ್ವ ಮುಂದಿನ ತುತ್ತು ಎತ್ತುತ್ತಿರಲಿಲ್ಲ. ಕಹಿ ಕಷಾಯ ಕುಡಿಸಲು ಬಂದ ನಾಟಿ ವೈದ್ಯನೊಬ್ಬನನ್ನು ಆ ಗೆರೆ ನೋಡಿಯೇ ಬಾಗಿಲಿನಿಂದ ಆಚೆ ಕಳಿಸಿದ್ದಳು. ಪಕ್ಕದ ಮನೆಯ ಕುಲಸುಮಬಿಗೂ ಅದು ಗೊತ್ತಿತ್ತು. "ಉಡಚಿ ಕಣ್ಣ ಮುಚ್ಚಿದ್ಲಂದ್ರ ಮುಗೀತು. ಯಾರ ಬಂದ್ರೂ ಆಕಿ ಒಪ್ಪೂದಿಲ್ಲ" ಎಂದು ನಗುತ್ತಿದ್ದಳು. ಗುಡ್ಡಪ್ಪನಂತೂ ಆ ಮುಚ್ಚಿದ ಕಣ್ಣುಗಳ ಜೊತೆಗೇ ಬೆಳೆದವನು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಹಲಗೆ ಮಾಡಿಸುವ ವಿಚಾರ ತಂದವನೂ ಗುಡ್ಡಪ್ಪನೇ. ಎಪ್ಪತ್ತನಾಲ್ಕನೇ ಇಸವಿ ಇರಬೇಕು, ಶಾಲೆಗೆ ಹೊಸದಾಗಿ ಚಿತ್ರಪಟಗಳು ಬಂದಿದ್ದವು. ಮಕ್ಕಳು ಕೋಲು ಹಿಡಿದು ಆಕಳು, ಕೊಡ, ಮನೆ ಎಂದು ತೋರಿಸುವುದನ್ನು ನೋಡಿ ಅವನಿಗೆ ಇಪ್ಪತ್ತು ದಾಟಿದ ತಂಗಿಯ ನೆನಪಾಯಿತು. ಬುದ್ಧಿವಂತ, ಇಲ್ಲವೆನ್ನಲಾಗದು.

"ಯವ್ವಾ, ಒಂದ ಹಲಗಿ ಮ್ಯಾಲ ಆಕೀಗೆ ಬೇಕಾದದ್ದನ್ನೆಲ್ಲಾ ಬರಸೂಣ. ಯಾವುದರ ಮ್ಯಾಲ ಕೈ ಇಡತಾಳ ಅದ ಆಕಿ ಮಾತು" ಎಂದ.

ಚಿತ್ರ ಬರೆಯಲು ಸವಣೂರಿನ ರಾಜೇಸಾಬ ಸಿಕ್ಕ. ಅಂಗಡಿ ಬೋರ್ಡು, ಚಕ್ಕಡಿ, ಎತ್ತಿನ ಕೋಡು, ಯಾವುದಕ್ಕೆ ಬಣ್ಣ ಬೇಕಾದರೂ ಹಾಕುವವನು. ಕೆಲಸಕ್ಕೆ ಹಾನಗಲ್ಲಿಗೆ ಬಂದಾಗಲೆಲ್ಲ ಭರಮವ್ವನ ಭಟ್ಟಿಯ ಮುಂದೆ ಕೂತು ಚುರಮುರಿ ತಿನ್ನುತ್ತಿದ್ದ, ತಿಂದಷ್ಟೇ ಹರಟುತ್ತಿದ್ದ. ಅವನು ಹಲಗೆಗೆ ಕರಿ ಬಣ್ಣ ಬಳಿದು ಒಣಗಿಸಿ ತಂದ. ಉಡಚವ್ವನ ಎಡಗೈ ಒಂದೇ ಅಷ್ಟೋ ಇಷ್ಟೋ ಮಾತು ಕೇಳುತ್ತಿತ್ತು, ಅದೂ ಬೆರಳು ಬಿಚ್ಚುತ್ತಿರಲಿಲ್ಲ. ಮುಷ್ಟಿಯ ಹಿಂಬದಿಯಿಂದ ಬೀಸಿ ಬಡಿಯುವುದಷ್ಟೇ ಆಗುತ್ತಿತ್ತು. ರಾಜೇಸಾಬ ಆ ಮುಷ್ಟಿಗೆ ಸುಣ್ಣದ ನೀರು ಸವರಿದ.

"ಎಲ್ಲಿ, ಬಡಿಯವಾ ತಂಗೀ. ನಿನಗ ಹೆಂಗ ಬರತೈತಿ ಹಂಗ ಬಡಿ."

ಉಡಚವ್ವ ಬಡಿದಳು. ನಗು ಬಂದು ಇನ್ನೂ ಜೋರಾಗಿ ಬಡಿದಳು. ಕರಿ ಹಲಗೆಯ ಮೇಲೆ ಬಿಳಿ ಗುರುತುಗಳು ಎಡಗಡೆಯಿಂದ ಕೆಳಗೆ ಕುಡುಗೋಲಿನ ಹಾಗೆ ಬಾಗಿ ಬಿದ್ದವು. ಬಲಗಡೆಯ ಮೇಲಿನ ಮೂಲೆಗೆ ಒಂದೂ ಹೋಗಲಿಲ್ಲ.

"ಇಷ್ಟು ಆಕಿ ಹೊಲ" ಎಂದ ರಾಜೇಸಾಬ. "ಇದರಾಗ ಬರದದ್ದಷ್ಟ ಆಕೀದು. ಆ ಮೂಲ್ಯಾಗ ಏನ ಬರದ್ರೂ ಅದು ನಮಗ ನೋಡಾಕ."

ಹೊಲ ಸಣ್ಣದು, ಬಿತ್ತುವವರು ಬಹಳ. ಒಂದರ ಮೇಲೆ ಬೀಸಿದ ಮುಷ್ಟಿ ಇನ್ನೊಂದಕ್ಕೆ ತಾಗಬಾರದು, ಅದಕ್ಕೆ ನಡುವೆ ಜಾಗ ಬಿಡಬೇಕು. ಹತ್ತು ಹನ್ನೆರಡು ಚಿತ್ರಕ್ಕಿಂತ ಹೆಚ್ಚು ಹಿಡಿಯುವಂತಿರಲಿಲ್ಲ. ನೀರಿಗೆ ಕೊಡ, ಊಟಕ್ಕೆ ರೊಟ್ಟಿ, ಹೊರಗೆ ಕರೆದೊಯ್ಯಲು ತಂಬಿಗೆ, ಬಿಸಿಲಿಗೆ ಕೂರಿಸಲು ಸೂರ್ಯ, ಮಲಗಲು ಹಾಸಿಗೆ. ಮನೆ. ಮೂಗುತಿ ಇಟ್ಟ ಅವ್ವ. ಟೊಪ್ಪಿಗೆ ಹಾಕಿದ ಅಣ್ಣ. ಹಿತ್ತಲಿನ ಎಮ್ಮೆ. ಬಂಧುಗಳಲ್ಲೊಬ್ಬರು ದೇವರನ್ನು ಬಿಟ್ಟಿರಲ್ಲ ಎಂದು ಸಿಟ್ಟಾದರು, ದೇವರೂ ಬಂದ. ಗುಡ್ಡಪ್ಪ ಕೈಮುಗಿದ ಚಿತ್ರ ಬೇಕೆಂದ, ದೊಡ್ಡವರು ಮನೆಗೆ ಬಂದರೆ ತಂಗಿ ನಮಸ್ಕಾರ ಹೇಳಲಿ ಎಂದು. ಜಾಗವಿರಲಿಲ್ಲವಾದ್ದರಿಂದ ನಮಸ್ಕಾರ ಬಲಗಡೆಯ ಮೂಲೆಗೆ ಹೋಯಿತು. ಉಡಚವ್ವ ಜೀವಮಾನದಲ್ಲಿ ಅದನ್ನು ಮುಟ್ಟಲಿಲ್ಲ.

ಅವಳೇ ಆರಿಸಿಕೊಂಡದ್ದು ಒಂದು. ಇನ್ನೇನು ಬರೆಯಲಿ ಎಂದು ರಾಜೇಸಾಬ ಕೇಳಿದಾಗಲೆಲ್ಲ ಅವಳ ಕಣ್ಣು ಕುಲಸುಮಬಿಯ ಸೊಂಟದ ಮೇಲಿದ್ದ ಕೂಸಿನ ಕಡೆಗೆ ಹೋಗುತ್ತಿತ್ತು. ಕುಲಸುಮಬಿ ಆ ಕೂಸನ್ನು ದಿನಾ ಅವಳ ತೊಡೆಯ ಮೇಲೆ ಮಲಗಿಸುತ್ತಿದ್ದಳು. ಯಾರ ಮಾತೂ ಕೇಳದ ಅವಳ ತೊಡೆ ಆ ಹೊತ್ತಿನಲ್ಲಿ ಅಲುಗದೆ ಇರುತ್ತಿತ್ತು. ರಾಜೇಸಾಬ ಎಡಗಡೆ ಎಲ್ಲಕ್ಕಿಂತ ಹತ್ತಿರದ ಜಾಗದಲ್ಲಿ ಕೂಸನ್ನು ಬರೆದ.

ಭರಮವ್ವ ತನಗಾಗಿ ಕೇಳಿದ್ದೂ ಒಂದೇ. "ನಾ ಹಗಲೆಲ್ಲಾ ಕತಿ ಹೇಳತೇನ್ರಿ ಇಕೀಗೆ. ನಡನಡುವ ಹೂಂ ಅನ್ನಾಕ ಒಂದ ಬೇಕು."

ಹೂಂ ಎನ್ನುವುದಕ್ಕೆ ಏನು ಬರೆಯುವುದು? ಸವಣೂರಿನವನಿಗೆ ಅದೊಂದು ಪ್ರಶ್ನೆಯೇ? ಎಲೆ ಅಡಿಕೆ ಹಿಡಿದರೆ ಒಪ್ಪಿದ ಹಾಗೆ. ಒಂದು ವೀಳ್ಯದೆಲೆ ಬರೆದ, ಹಸಿರು ಬಣ್ಣ ಒಣಗುವ ಮುಂಚೆಯೇ ಉಡಚವ್ವ ಅದರ ಮೇಲೆ ಮುಷ್ಟಿ ಇಟ್ಟು ಕೈ ಹಸಿರು ಮಾಡಿಕೊಂಡಳು.

ಆಮೇಲೆ ರಾಜೇಸಾಬ ಕುಂಚ ಒರೆಸುತ್ತ, "ಮತ್ತ ಬ್ಯಾಡ ಅನ್ನಾಕ ಒಂದ ಬರೀಬೇಕಲ್ರಿ ಅವ್ವಾರ? ದೇವರನ್ನ ಜರಾ ಆಚೆ ಸರಿಸಿದ್ರ ಅಲ್ಲಿ ಒಂದ ಅಡ್ಡಗೈ ಬರಿತೇನಿ, ಹಿಂಗ" ಎಂದು ಅಂಗೈ ಮುಂದೆ ಹಿಡಿದು ತೋರಿಸಿದ.

"ಬಿಡ್ತು ಅನ್ರಿ ರಾಜೇಸಾಬ!" ಎಂದಳು ಭರಮವ್ವ. "ಬಾಯಿಲೆ ಅಂದದ್ದು ಗಾಳೀಗೆ ಹೋಗತೈತಿ. ಹಲಗಿ ಮ್ಯಾಲ ಬರದದ್ದು ಮನ್ಯಾಗ ನಿಂತ ಅಂತಾನ ಇರತೈತಿ. ದುಡಿಯೂ ಭಟ್ಟಿ ಮುಂದ, ದೇವರ ಮಾಡದ ಎದುರಿಗೆ, ಬ್ಯಾಡ ಬ್ಯಾಡ ಅಂತ ಅಡ್ಡಗೈ ಹಿಡಕೊಂಡ ನಿಂತ್ರ ಲಕ್ಷ್ಮಿ ಒಳಗ ಹೆಂಗ ಬರಬೇಕು?"

ಅದು ಅವಳೊಬ್ಬಳ ಹುಚ್ಚಲ್ಲ. ಆ ಕಡೆಯ ಮನೆಗಳಲ್ಲಿ ಅಕ್ಕಿ ಮುಗಿಯುವುದಿಲ್ಲ, ತುಂಬುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ. ಹೊರಟವರು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾರೆ. ಚುರಮುರಿ ತೀರಿದ ದಿನ ಭರಮವ್ವ ಯಾವ ಗಿರಾಕಿಗೂ ಇಲ್ಲ ಎಂದವಳಲ್ಲ, ನಾಳೆ ಬರ್ರಿ ಎನ್ನುತ್ತಿದ್ದಳು. ಇಂಥವಳ ಮನೆಯಲ್ಲಿ ಇಲ್ಲ, ಬೇಡ, ಸಾಕು ಎನ್ನುವ ಮಾತುಗಳನ್ನು ಬಣ್ಣದಲ್ಲಿ ಬರೆದು ನಿಲ್ಲಿಸುವುದುಂಟೆ?

ರಾಜೇಸಾಬನೂ ತಲೆಯಾಡಿಸಿದ. "ಖರೆ ಐತ್ರಿ. ನಮ್ಮಲ್ಲೂ ಅಂಗಡಿ ಮುಚ್ಚತೇವಿ ಅನ್ನೂದಿಲ್ಲ, ಬಢಾಸ್ತೇವಿ, ಅಂದ್ರ ಹೆಚ್ಚಸ್ತೇವಿ, ಅಂತೇವಿ. ಆದ್ರ ಆಕೀಗೆ ಬ್ಯಾಡಾದಾಗ?"

"ಕಣ್ಣ ಮುಚ್ಚತಾಳಲ್ಲ. ಅದಕ್ಕ ಹಲಗಿ ಯಾಕ ಬೇಕು?"

ಉಡಚವ್ವನಿಗೂ ಆಗ ಹೌದೆನಿಸಿತು. ಕಣ್ಣು ಇದ್ದೇ ಇದೆ, ಅದನ್ನು ಯಾರು ಕಸಿದುಕೊಳ್ಳುತ್ತಾರೆ?

ಮೊದಲ ವರ್ಷ ಅವಳಿಗೆ ಹಬ್ಬ. ಬಾಯಿಲ್ಲದ ಹುಡುಗಿ ಮಾತಾಡುತ್ತಾಳೆ ಎಂದು ಜನ ನೋಡಲು ಬಂದರು. ಸೂರ್ಯನ ಮೇಲೆ ಮುಷ್ಟಿ ಬಿದ್ದರೆ ಅವಳನ್ನು ಎತ್ತಿ ಅಂಗಳದಲ್ಲಿ ಕೂರಿಸುತ್ತಿದ್ದರು. ಕೂಸಿನ ಮೇಲೆ ಬಿದ್ದರೆ ಕುಲಸುಮಬಿ ತನ್ನ ಮನೆಯಿಂದಲೇ "ಬಂದೇವ ತಡಿ" ಎಂದು ಕೂಗುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಸವೆದದ್ದು ವೀಳ್ಯದೆಲೆ. ಭರಮವ್ವ ಬಾಣಲೆಯ ಉಸುಕು ತಿರುವುತ್ತ, "ಅಂದ ಆ ರಾಣಿ ಏನ ಮಾಡಿದ್ಲು?" ಎನ್ನುತ್ತಿದ್ದಳು. ಹಿಂದಿನಿಂದ ಟಪ್. "ಏಳು ಬಾಗಲಾ ಹಾಕಿದ್ಲು." ಟಪ್. "ಹಾಕಿದ್ರ ಆತೇನು?" ಟಪ್ ಟಪ್. ಕೇಳಿದವರು ನಕ್ಕು ಸುಸ್ತಾಗುತ್ತಿದ್ದರು. ಹೂಂಗುಟ್ಟುವ ಮಗಳಿದ್ದರೆ ಕತೆ ಬೆಳೆಯುತ್ತದೆ. ಭರಮವ್ವನ ಕತೆಗಳು ಆ ವರ್ಷ ಬೆಳೆದ ಹಾಗೆ ಯಾವತ್ತೂ ಬೆಳೆದಿರಲಿಲ್ಲ.

ಆದರೆ ಹಲಗೆಗೆ ಸದ್ದಿತ್ತು, ಕಣ್ಣಿಗೆ ಸದ್ದಿರಲಿಲ್ಲ. ಮೊದಲು ಭರಮವ್ವ ಗಳಿಗೆಗೊಮ್ಮೆ ತಿರುಗಿ ಮಗಳ ಮುಖ ನೋಡುತ್ತಿದ್ದಳು. ಈಗ ಭಟ್ಟಿಯ ಕಡೆ ಮುಖ ಮಾಡಿಕೊಂಡೇ ಸದ್ದಿಗೆ ಕಿವಿ ಕೊಡುತ್ತಿದ್ದಳು. ಉಳಿದವರಂತೂ ಮಾತಾಡಿಸುವಾಗ ಹಲಗೆಯನ್ನೇ ನೋಡುತ್ತಿದ್ದರು, ಉಡಚವ್ವ ಹಲಗೆಯೊಳಗೇ ಇದ್ದಾಳೇನೋ ಎನ್ನುವ ಹಾಗೆ. ಒಂದು ದಿನ ಊಟ ಬೇಡವಾಗಿ ಅವಳು ಕಣ್ಣು ಬಿಗಿ ಹಿಡಿದಳು. ತುತ್ತು ಹಿಡಿದುಕೊಂಡಿದ್ದ ಭರಮವ್ವ, "ಕಣ್ಣ ಯಾಕ ಮುಚ್ಚತೀ? ಹಲಗಿ ಐತಲ್ಲ, ಏನ ಬೇಕ ತೋರಸು" ಎಂದಳು. ಉಡಚವ್ವ ಹಲಗೆಯನ್ನು ಮೇಲಿಂದ ಕೆಳಗೆ ನೋಡಿದಳು. ಅಲ್ಲಿ ಬೇಕಾದದ್ದು ಮಾತ್ರ ಇತ್ತು. ಅವಳು ಬಾಯಿ ತೆರೆದು ಆ ತುತ್ತು ನುಂಗಿದಳು.

ಎಪ್ಪತ್ತಾರನೇ ಇಸವಿ ಬಂತು. ತುರ್ತು ಪರಿಸ್ಥಿತಿಯ ಕಾಲ, ಎಲ್ಲಿ ನೋಡಿದರೂ ಸಂತಾನ ನಿಯಂತ್ರಣದ ಮಾತು. ಮಾಸ್ತರರಿಗೂ ಆಪರೇಶನ್ನಿಗೆ ಇಷ್ಟು ಕೇಸು, ಎಂದರೆ ಇಷ್ಟು ಮಂದಿಯನ್ನು, ತರಬೇಕೆಂದು ಹುಕುಂ ಬಂದಿತ್ತು. ತರದವರ ಪಗಾರ ನಿಲ್ಲುತ್ತಿತ್ತು. ಗುಡ್ಡಪ್ಪನ ಪಗಾರವೂ ನಿಂತಿತು. ಅವನಿಗೆ ಆಗಷ್ಟೇ ಗಂಡುಮಗು ಹುಟ್ಟಿತ್ತು, ಹೆಂಡತಿ ಬಾಣಂತನಕ್ಕೆ ತವರಿನಲ್ಲಿದ್ದಳು. ತಾನು ಮಾಡಿಸಿಕೊಳ್ಳಲು ಮನಸ್ಸಿಲ್ಲ, ಹೆಂಡತಿಯನ್ನು ಕಳಿಸಲೂ ಮನಸ್ಸಿಲ್ಲ. ಊರವರನ್ನು ಕೇಳಲು ಹೋದರೆ ಹೊಲದ ದಾರಿ ಹಿಡಿದು ಓಡುತ್ತಿದ್ದರು. ಕಷ್ಟ ಯಾರಿಗಿರಲಿಲ್ಲ? ಆದರೆ ಅವನು ತನ್ನ ಕಷ್ಟಕ್ಕೆ ಕಂಡುಕೊಂಡ ದಾರಿ ಯಾವ ಶತ್ರುವಿಗೂ ಹೊಳೆಯುವಂಥದ್ದಲ್ಲ.

ಆ ವಾರ ಹಿರೇಕೆರೂರಿನಲ್ಲಿ ಭರಮವ್ವನ ತಂಗಿಯ ಮಗಳಿಗೆ ಕುಬಸ, ಚೊಚ್ಚಲ ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಮಗಳನ್ನು ಬಿಟ್ಟು ಹೋಗುವುದು ಹೇಗೆ ಎಂದು ಭರಮವ್ವ ಹಿಂದೆ ಮುಂದೆ ನೋಡುತ್ತಿದ್ದಳು.

"ಹೋಗಿ ಬಾ ಯವ್ವಾ. ನಾ ನೋಡಿಕೊಂತೇನಿ" ಎಂದ ಗುಡ್ಡಪ್ಪ.

ಮಾರನೆಯ ಮುಂಜಾನೆ ಬಾಗಿಲಿಗೇ ಜೀಪು ಬಂತು. ಉಡಚವ್ವ ಜೀಪನ್ನು ದೂರದಿಂದ ಕಂಡಿದ್ದಳೇ ಹೊರತು ಹತ್ತಿದವಳಲ್ಲ. ಬಸ್ಸಿನಲ್ಲೂ ಅವಳು ಕೂತದ್ದು ಅಷ್ಟಕ್ಕಷ್ಟೇ. ಗುಡ್ಡಪ್ಪ ಅವಳ ತಲೆ ಬಾಚಿದ, ಹೊಸ ಸೀರೆ ಉಡಿಸಲು ಕುಲಸುಮಬಿಯನ್ನು ಕರೆದ. ಹಲಗೆಯನ್ನು ಅವಳ ಮುಂದೆ ಹಿಡಿದು, "ಉಡಚೀ, ಜೀಪಿನ್ಯಾಗ ಹೋಗೂಣೇನವಾ?" ಎಂದು ಕೇಳಿದ.

ಟಪ್. ವೀಳ್ಯದೆಲೆಯ ಮೇಲೆ. ಮತ್ತೆ ಟಪ್. ಖುಷಿಗೆ ಅವಳ ಕಾಲೆರಡೂ ಕುಣಿಯುತ್ತಿದ್ದವು. "ನೋಡ ಇಕೀ ಸಂಭ್ರಮ" ಎಂದು ಕುಲಸುಮಬಿ ನಕ್ಕಳು. ಜೀಪಿನಲ್ಲಿ ಇಬ್ಬರು ಹೆಂಗಸರು ಮೊದಲೇ ಕೂತಿದ್ದರು. ಅವರ ಮುಖದಲ್ಲಿ ಸಂಭ್ರಮವಿರಲಿಲ್ಲ. ಉಡಚವ್ವ ದಾರಿಯುದ್ದಕ್ಕೂ ಗಾಳಿಗೆ ಮುಖ ಒಡ್ಡಿ ಹೋದಳು.

ಶಿಬಿರ ಬೇರೊಂದು ಊರಿನ ಖಾಲಿ ಕಟ್ಟಡದಲ್ಲಿತ್ತು. ಒಳಗೆ ನೆಲದ ಮೇಲೆ ಸಾಲಾಗಿ ಹೆಂಗಸರು ಮಲಗಿದ್ದರು, ಕೆಲವರು ನರಳುತ್ತಿದ್ದರು, ಒಬ್ಬಳು ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. ಮೇಜಿನ ಮುಂದೆ ಗುಮಾಸ್ತನೊಬ್ಬ ತಲೆಯೆತ್ತದೆ ಕೇಳಿದ, "ಮಕ್ಕಳೆಷ್ಟು?"

"ಎರಡು" ಎಂದ ಗುಡ್ಡಪ್ಪ.

ಗುಮಾಸ್ತ ಬರೆದುಕೊಂಡ. ಗಂಡನ ಹೆಸರಿಗೂ ಏನೋ ಒಂದು ಬರೆದುಕೊಂಡ. ಕಾಗದದ ಮೇಲೆ ಉಡಚವ್ವನಿಗೆ ಗಂಡ ಸಿಕ್ಕ, ಎರಡು ಮಕ್ಕಳು ಸಿಕ್ಕವು. ಅವಳ ಲಗ್ನ ನಡೆದದ್ದು ಅಲ್ಲಿಯೇ, ಬಸಿರು ಬಾಣಂತನ ಮುಗಿದದ್ದೂ ಅಲ್ಲಿಯೇ. ಯಾವ ಸೋದರಮಾವನೂ ಇಷ್ಟು ಬೇಗ ಮುಗಿಸಿಕೊಟ್ಟಿರಲಾರ.

ಅವಳಿಗೆ ಎಲ್ಲ ತಿಳಿಯಿತು. ಭಟ್ಟಿಯ ಮುಂದೆ ಗಿರಾಕಿಗಳು ಆಡಿಕೊಂಡದ್ದನ್ನೆಲ್ಲ ಕೇಳಿದ್ದವಳಿಗೆ ಆಪರೇಶನ್ ಎಂದರೇನು, ಕೇಸು ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳಿಗೆ ಮದುವೆಯ ಆಸೆ ಇರಲಿಲ್ಲ, ಅಷ್ಟು ತಿಳಿಗೇಡಿಯಲ್ಲ. ಆದರೆ ಮೈಯಲ್ಲಿ ಉಳಿದ ಹೆಂಗಸರ ಹಾಗೆ ಇದ್ದದ್ದು ಅದೊಂದೇ. ಕೈ ಸೊಟ್ಟ, ಕಾಲು ಸೊಟ್ಟ, ನಾಲಿಗೆ ಸತ್ತದ್ದು. ತಿಂಗಳು ತಿಂಗಳು ಮೈ ಮಾತ್ರ ತಾನು ಕುಲಸುಮಬಿಗಿಂತ ಕಡಿಮೆಯಲ್ಲ ಎಂದು ಹೇಳುತ್ತಿತ್ತು. ಆ ಹೆಮ್ಮೆಯನ್ನು ಅವಳು ಯಾರಿಗೂ ತೋರಿಸಿರಲಿಲ್ಲ, ತೋರಿಸಲು ಚಿತ್ರವೂ ಇರಲಿಲ್ಲ.

ನರ್ಸಮ್ಮ ಬಂದಳು. ಕೆಟ್ಟವಳಲ್ಲ, ಮುಖದಲ್ಲಿ ಕರುಣೆ ಇತ್ತು. "ಮಾತ ಬರೂದಿಲ್ಲೇನ್ರಿ? ಹಂಗಾದ್ರ ಒಪ್ಪಿಗಿ?"

"ಹಲಗಿ ಮ್ಯಾಲ ಮಾತಾಡತಾಳ್ರಿ. ಮುಂಜಾನೆನ ಕೇಳೇನಿ, ಹೂಂ ಅಂದಾಳ. ಓಣ್ಯಾಗಿನವರು ನೋಡ್ಯಾರ."

ಗುಡ್ಡಪ್ಪ ಹಲಗೆ ಮುಂದೆ ಹಿಡಿದ. ಉಡಚವ್ವ ಅದರ ಮೇಲೆಲ್ಲ ಕಣ್ಣಾಡಿಸಿದಳು. ಕೊಡ, ರೊಟ್ಟಿ, ತಂಬಿಗೆ, ಸೂರ್ಯ. ಅವಳ ಎದೆಯಲ್ಲಿ ಒಂದೇ ಒಂದು ಮಾತು ಬಡಿದುಕೊಳ್ಳುತ್ತಿತ್ತು, ಅದು ಆ ಹಲಗೆಯ ಮೇಲೆ ಎಲ್ಲಿಯೂ ಇರಲಿಲ್ಲ. ಮನೆಯ ಮೇಲೆ ಬಡಿದಳು.

"ಹೋಗೂಣವಾ, ಇದು ಮುಗದ ಕೂಡ್ಲೆ ಮನಿಗೆ ಹೋಗೂಣ" ಎಂದ ಗುಡ್ಡಪ್ಪ.

ಅವ್ವನ ಮೇಲೆ ಬಡಿದಳು.

"ಅವ್ವ ನಾಳೆ ಬರ್ತಾಳಲ್ಲ."

ಆಗ ಕೂಸಿನ ಮೇಲೆ ಬಡಿದಳು. ಒಂದು ಸಲವಲ್ಲ, ಬಡಿಯುತ್ತಲೇ ಹೋದಳು, ಮುಷ್ಟಿಯ ಗೆಣ್ಣು ಸುಲಿಯುವವರೆಗೆ.

"ಏನಂತಾಳ್ರಿ?" ಎಂದಳು ನರ್ಸಮ್ಮ.

ಗುಡ್ಡಪ್ಪ ಗೋಡೆಯ ಕಡೆ ನೋಡಿದ. "ಮಕ್ಕಳನ್ನ ನೆನಸಾಕತ್ತಾಳ್ರಿ. ಮನ್ಯಾಗ ಬಿಟ್ಟ ಬಂದೇವಿ."

"ಅಯ್ಯ ಪಾಪ. ಎರಡೂ ಆರಾಮ ಇರತಾವ ಬಿಡವಾ, ಸಂಜಿಕೆ ನೋಡೀಯಂತ" ಎಂದು ಅವಳು ಉಡಚವ್ವನ ಕೆನ್ನೆ ಸವರಿದಳು.

ಉಡಚವ್ವ ಕಣ್ಣು ಮುಚ್ಚಿದಳು. ಹಣೆಯ ನಡುವೆ ಗೆರೆ ಬಿತ್ತು. ಹುಟ್ಟಿದಾಗಿನಿಂದ ಅಷ್ಟು ಬಿಗಿಯಾಗಿ ಎಂದೂ ಮುಚ್ಚಿರಲಿಲ್ಲ.

"ಅಂಜ್ಯಾಳ. ಹಂಗ ಮುಚ್ಚಿಕೊಂಡಿರವಾ, ನೋಡೂದ ಬ್ಯಾಡ, ಚಲೋ ಆತು" ಎಂದಳು ನರ್ಸಮ್ಮ.

ಆ ಕಟ್ಟಡದಲ್ಲಿದ್ದ ಅಷ್ಟು ಜನರಲ್ಲಿ ಆ ಮುಚ್ಚಿದ ಕಣ್ಣಿನ ಅರ್ಥ ಗೊತ್ತಿದ್ದವನು ಒಬ್ಬನೇ. ಅವನು ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

ಭರಮವ್ವ ಹಿರೇಕೆರೂರಿನಿಂದ ಉಡಿಯಲ್ಲಿ ಕುಬಸದ ಸಿಹಿ ಕಟ್ಟಿಕೊಂಡು ಬಂದಳು. ಮಗಳಿಗೆ ಜ್ವರ ಸುಡುತ್ತಿತ್ತು. ಸೀರೆ ಸರಿಸಿದಾಗ ಹೊಟ್ಟೆಯ ಮೇಲೆ ಪಟ್ಟಿ ಕಂಡಿತು. ಮೂಲೆಯಲ್ಲಿ ಶಿಬಿರದವರು ಬಹುಮಾನವಾಗಿ ಕೊಟ್ಟ ಹೊಸ ಬಕೀಟು ಇತ್ತು.

"ಏನ ಮಾಡಿದ್ಯೋ?" ಎಂದಳು.

"ಪಗಾರ ನಿಂತ ಎಷ್ಟ ದಿನಾ ಆತು ನಿನಗ ಗೊತ್ತಿಲ್ಲೇನು? ಕೇಸ ತರದಿದ್ರ ನೌಕರಿನೂ ಹೋಗತೈತಿ ಅಂದ್ರು. ಆಕೀಗೇನ ಲಗ್ನ ಆಗೂದೈತೇನ ಯವ್ವಾ? ಏನ ಕಳಕೊಂಡ್ಲು ಆಕಿ?" ಎಂದ ಗುಡ್ಡಪ್ಪ. ಆಮೇಲೆ ದನಿ ಏರಿಸಿ, "ಕೇಳಿನ ಕರಕೊಂಡ ಹೋಗೇನಿ. ಹೂಂ ಅಂದಾಳ. ಕುಲಸುಮಬೀನ್ನ ಕೇಳು" ಎಂದ.

ಬಾಗಿಲಲ್ಲಿ ನಿಂತಿದ್ದ ಕುಲಸುಮಬಿಗೆ ಅಳು ಬಂತು. "ಹೂಂ ಅಂದಿದ್ದು ಖರೆ. ಆದ್ರ ಆಕಿ ಜೀಪಿಗೆ ಹೂಂ ಅಂದಿದ್ಲೋ ಯಣ್ಣಾ."

ಭರಮವ್ವ ಮಗಳ ಮುಂದೆ ಕೂತಳು. ಹಲಗೆಯನ್ನು ಪಕ್ಕಕ್ಕೆ ಸರಿಸಿ, ಬಹಳ ದಿನಗಳ ಮೇಲೆ ಮುಖ ನೋಡಿದಳು. ಕಣ್ಣು ಮುಚ್ಚಿಯೇ ಇದ್ದವು, ಹಣೆಯ ಗೆರೆ ಹಾಗೆಯೇ ಇತ್ತು. ಅವಳು ಹಣೆ ಹಣೆ ಬಡಿದುಕೊಂಡಳು. "ಬರಿತೇನಿ ಅಂದಿದ್ದ ಆ ಪುಣ್ಯಾತ್ಮ. ನಾನ ಬಿಡ್ತು ಅನ್ರಿ ಅಂದೆ. ನನ್ನ ಬಾಯಾಗ ಮಣ್ಣ ಬೀಳಲಿ" ಎಂದು ಅತ್ತಳು. ಬಕೀಟನ್ನು ಮಾತ್ರ ಎಸೆಯಲಿಲ್ಲ. ಬಡವರ ಮನೆಯಲ್ಲಿ ಸಿಟ್ಟಿಗೂ ಒಂದು ಮಿತಿ ಇರುತ್ತದೆ. ಎಮ್ಮೆ ಅದರಲ್ಲಿ ನೀರು ಕುಡಿಯಿತು.

ಜ್ವರ ಇಳಿದು ಗಾಯ ಮಾಯ್ದ ಮೇಲೆ ಭರಮವ್ವ ತಾನೇ ಸವಣೂರಿಗೆ ಹೋಗಿ ರಾಜೇಸಾಬನನ್ನು ಕರೆತಂದಳು. ಲಕ್ಷ್ಮಿ ಬರಲಿ ಬಿಡಲಿ, ಅಡ್ಡಗೈ ಬರೆಯಬೇಕು. ರಾಜೇಸಾಬ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರಗಳ ನಡುವಿನ ಜಾಗವನ್ನು ಬೆರಳಿನಿಂದ ಅಳೆದ. ಅಂದು ಹರಟಲಿಲ್ಲ.

"ಆ ಮೂಲ್ಯಾಗ ಬರದ್ರ ಆಕಿ ಕೈಗೆ ನಿಲುಕೂದಿಲ್ರಿ. ಇಲ್ಲೆ ಬರೀಬೇಕಂದ್ರ ಇದ್ದದ್ದರಾಗ ಒಂದನ್ನ ಕೆರದ ತಗೀಬೇಕು."

"ದೇವರನ್ನ ತಗೀರಿ" ಎಂದಳು ಭರಮವ್ವ. ಆಮೇಲೆ ತಡೆದು, "ಆಕೀನ್ನ ಕೇಳ್ರಿ. ಈ ಸಲ ಆಕೀನ್ನ ಕೇಳ್ರಿ" ಎಂದಳು.

ರಾಜೇಸಾಬ ಹಲಗೆ ಹಿಡಿದ. ಅಣ್ಣನ ಟೊಪ್ಪಿಗೆಯ ಮೇಲೆ ಮುಷ್ಟಿ ಬೀಳುತ್ತದೆಂದು ಕುಲಸುಮಬಿ ಕಾದಿದ್ದಳು, ಅಲ್ಲಿದ್ದ ಎಲ್ಲರೂ ಕಾದಿದ್ದರು. ಉಡಚವ್ವ ಅಣ್ಣನನ್ನು ದಾಟಿದಳು. ಅವನನ್ನು ಅಳಿಸಿದರೆ ಅವನಿಗೆ ಹೇಳಬೇಕಾದದ್ದನ್ನು ಯಾವುದರ ಮೇಲೆ ಹೇಳುವುದು? ಮುಷ್ಟಿ ಹೋಗಿ ವೀಳ್ಯದೆಲೆಯ ಮೇಲೆ ಬಿತ್ತು.

"ಹೂಂ ಅನ್ನೂದನ್ನ ತಗೀಲೇನವಾ?" ಎಂದ ರಾಜೇಸಾಬ ನಂಬಲಾರದೆ.

ಟಪ್.

"ಯವ್ವಾ, ಅದನ್ನ ತಗದ್ರ ನನ್ನ ಕತಿಗೆ ಯಾರ ಹೂಂ ಅಂತಾರ?" ಎಂದಳು ಭರಮವ್ವ. ಆ ಮಾತಿಗೆ ಉಡಚವ್ವನ ಕೈ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಅವ್ವನನ್ನು ನೋಡಿದಳು. ಮತ್ತೆ ಅದೇ ಎಲೆಯ ಮೇಲೆ ಬಡಿದಳು. ಅವಳನ್ನು ಮಾರಿದ್ದು ಆ ಎಲೆ. ರಾಜೇಸಾಬ ಚಾಕು ತೆಗೆದು ಹಸಿರು ಬಣ್ಣ ಕೆರೆದ, ಅದೇ ಜಾಗದಲ್ಲಿ ಅಂಗೈ ಬರೆದ. ಅದು ಒಣಗಿದ ಮೇಲೆ ಉಡಚವ್ವ ಮೊದಲು ಆಡಿದ ಮಾತು ಎರಡು ಪೆಟ್ಟಿನದು. ಅಣ್ಣ. ಬ್ಯಾಡ.

ಗುಡ್ಡಪ್ಪನಿಗೆ ಅದನ್ನು ಯಾರೋ ಮುಟ್ಟಿಸಿದರು. ಅವನು ಶಿಗ್ಗಾವಿಗೆ ವರ್ಗ ಮಾಡಿಸಿಕೊಂಡು ಹೆಂಡತಿ ಮಕ್ಕಳೊಂದಿಗೆ ಹೋದ.

ಭರಮವ್ವ ಮತ್ತೆ ಕತೆ ಶುರು ಮಾಡಿದಳು. "ಅಂದ ಆ ರಾಣಿ ಏನ ಮಾಡಿದ್ಲು?" ಎಂದು ರೂಢಿಯಂತೆ ನಿಲ್ಲಿಸಿದಳು. ಹಿಂದಿನಿಂದ ಸದ್ದು ಬರಲಿಲ್ಲ. ಉಡಚವ್ವನಿಗೆ ಆಗ ಹೂಂ ಎನ್ನಬೇಕೆಂದು ಬಹಳ ಆಸೆಯಾಯಿತು. ಕಣ್ಣು ಅಗಲಿಸಿ ಅವ್ವನ ಬೆನ್ನನ್ನೇ ನೋಡಿದಳು. ಬೆನ್ನು ತಿರುಗಲಿಲ್ಲ. ಬಾಣಲೆಯಲ್ಲಿ ಉಸುಕು ತಿರುವುವ ಸದ್ದಷ್ಟೇ ಉಳಿಯಿತು. ಇನ್ನೂ ಕೆಲವು ದಿನ ಭರಮವ್ವ ಕತೆಯನ್ನು ನಡುವೆಯೇ ಬಿಡುತ್ತ ಬಂದಳು, ಆಮೇಲೆ ಶುರು ಮಾಡುವುದನ್ನೇ ಬಿಟ್ಟಳು. ಕುಲಸುಮಬಿ ಹೊಸ ಕೂಸನ್ನು ತಂದು ತೊಡೆಯ ಮೇಲೆ ಮಲಗಿಸಲು ಬಂದರೆ ಉಡಚವ್ವ ಅಂಗೈಯ ಮೇಲೆ ಬಡಿಯುತ್ತಿದ್ದಳು.

ಎಂಬತ್ತನಾಲ್ಕರಲ್ಲಿ ಭರಮವ್ವ ಭಟ್ಟಿಯ ಮುಂದೆಯೇ ಕುಸಿದು ಸತ್ತಳು. ದಿನಕರ್ಮ ಮುಗಿದ ಮೇಲೆ ಗುಡ್ಡಪ್ಪ ಟೆಂಪೋ ತಂದು ನಿಲ್ಲಿಸಿದ. ಕೂದಲು ಅರ್ಧ ನೆರೆತಿತ್ತು. ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಲಗೆಯನ್ನು ತಾನೇ ಹಿಡಿದು ಕೇಳಿದ.

"ಶಿಗ್ಗಾವಿಗೆ ಹೋಗೂಣೇನವಾ? ನಮ್ಮ ಮನಿಗೆ?"

ಟಪ್. ಅಂಗೈಯ ಮೇಲೆ.

"ಇಲ್ಲಿ ನಿನ್ನ ಯಾರ ನೋಡತಾರ?"

ಟಪ್. ಟಪ್. ಟಪ್.

"ಬ್ಯಾಡ ಅನ್ನಾಕತ್ತಾಳಲ್ಲೋ ಯಣ್ಣಾ" ಎಂದಳು ಕುಲಸುಮಬಿ.

"ಬ್ಯಾಡಂದ್ರ ಎಲ್ಲಿ ಬಿಡ್ಲಿ? ನೀವ ಇಟಗೊಂತೀರೇನು?"

ಕುಲಸುಮಬಿಯ ಮನೆಯಲ್ಲಿ ಅವಳ ಮಕ್ಕಳಿಗೇ ಕಾಲು ಚಾಚಲು ಜಾಗವಿರಲಿಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಗುಡ್ಡಪ್ಪ ತಂಗಿಯನ್ನು ಎತ್ತಿಕೊಂಡ. ಅವಳ ಮುಷ್ಟಿ ಅವನ ಬೆನ್ನಿನ ಮೇಲೆ ಬೀಳುತ್ತಿತ್ತು, ಅಲ್ಲಿ ಯಾವ ಚಿತ್ರವೂ ಇರಲಿಲ್ಲ. ಪಾತ್ರೆ, ಹಾಸಿಗೆ, ಬಕೀಟು ಎಲ್ಲ ಟೆಂಪೋ ಸೇರಿದವು.

"ಈ ಹಲಗಿ ಎಲ್ಲಿ ಇಡ್ಲಿರೀ ಮಾಸ್ತರ?" ಎಂದು ಡ್ರೈವರ ಕೇಳಿದ.

"ಇರ್ಲಿ ಬಿಡು. ಮತ್ತ ಬಂದಾಗ ಒಯ್ಯೂಣ."

ಮತ್ತೆ ಯಾರೂ ಒಯ್ಯಲಿಲ್ಲ. ಭಟ್ಟಿಯನ್ನು ಬಾಡಿಗೆಗೆ ಹಿಡಿದವನು, ಚುರಮುರಿಯ ಚೀಲಕ್ಕೆ ನೆಲದ ತಂಪು ಹತ್ತಬಾರದೆಂದು ಅದನ್ನು ಚೀಲದಡಿಗೆ ಹಾಕಿಕೊಂಡ.

ಶಿಗ್ಗಾವಿಯ ಮನೆಯಲ್ಲಿ ಉಡಚವ್ವನಿಗೆ ಹಿಂದಿನ ಕೋಣೆ ಸಿಕ್ಕಿತು. ಹೊತ್ತಿಗೆ ಸರಿಯಾಗಿ ಊಟ ಬರುತ್ತಿತ್ತು, ಒಗೆದ ಸೀರೆ ಸಿಗುತ್ತಿತ್ತು. ಗುಡ್ಡಪ್ಪನ ಹೆಂಡತಿ ಬೈಯುವವಳಲ್ಲ, ಹೊಡೆಯುವವಳಲ್ಲ. ಮನೆಗೆ ಬಂದವರಿಗೆ ಆಕೆ ಕೋಣೆಯ ಬಾಗಿಲು ತೆರೆದು ನಾದಿನಿಯನ್ನು ತೋರಿಸುತ್ತಿದ್ದಳು. ಉಡಚವ್ವ ಗೋಡೆಗೆ ಆನಿಕೊಂಡು, ಕಣ್ಣು ಮುಚ್ಚಿ, ಹಣೆಯ ನಡುವೆ ಗೆರೆ ಹಾಕಿಕೊಂಡು ಕೂತಿರುತ್ತಿದ್ದಳು. ಬಂದವರು ಮಲಗಿರಬೇಕು ಎಂದು ದನಿ ತಗ್ಗಿಸುತ್ತಿದ್ದರು.

"ಭಾಳ ಸಮಾಧಾನದಾಕಿ ನೋಡ್ರಿ" ಎನ್ನುತ್ತಿದ್ದಳು ಗುಡ್ಡಪ್ಪನ ಹೆಂಡತಿ. "ಬಂದಾಗಿಂದ ಒಂದ ದಿನಾ ಯಾವುದಕ್ಕೂ ಬ್ಯಾಡ ಅಂದಿಲ್ಲ."